ಮೊದಲೇ ವೋಲ್ಟೇಜ್ ಏರಿಸು ಎನ್ನುವವರನ್ನು ನಂಬಬೇಡಿ

ನಮ್ಮ ಹಳ್ಳಿ ಹುಡುಗರೂ ಈಗ ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ತರುತ್ತಿದ್ದಾರೆ. ಕೆಲವರಿಗೆ ಗೇಮ್, ಕೆಲವರಿಗೆ ಮದುವೆ ವಿಡಿಯೊ ಎಡಿಟಿಂಗ್. ಖುಷಿಯ ವಿಷಯವೇ. ಆದರೆ ಕಾರ್ಡ್ ಮನೆಗೆ ಬಂದ ಮಾರನೇ ದಿನವೇ ಮೊಬೈಲ್‌ನಲ್ಲಿ ಒಬ್ಬ ಪಂಡಿತ ಸಿಗುತ್ತಾನೆ: "ವೋಲ್ಟೇಜ್ ಫುಲ್ ಏರಿಸು ಗುರು, ಕಾರ್ಡ್ ಹಾರುತ್ತೆ." ಕೊನೆಗೆ ಹಾರಿಹೋಗುವುದು ನಿಮ್ಮ ದುಡ್ಡು.

ಅವನ ಮಾತಿನಲ್ಲಿ ಅರ್ಧ ಸತ್ಯವಿದೆ. ಕ್ಲಾಕ್ ಏರಿಸಿದಾಗ ಚಿಪ್‌ಗೆ ವೋಲ್ಟೇಜ್ ಸಾಲದಿದ್ದರೆ ಗೇಮ್ ಹ್ಯಾಂಗ್ ಆಗುತ್ತದೆ, ಪರದೆ ಮೇಲೆ ಚುಕ್ಕೆ, ಗೆರೆ ಮೂಡುತ್ತವೆ. ಸ್ವಲ್ಪ ವೋಲ್ಟೇಜ್ ಕೊಟ್ಟರೆ ನಿಲ್ಲಬಹುದು. ಅವನು ಹೇಳದ ಇನ್ನರ್ಧ ಇಷ್ಟು: ಕ್ಲಾಕ್ ಏರಿದಷ್ಟೇ ಪ್ರಮಾಣದಲ್ಲಿ ವಿದ್ಯುತ್ ಬಳಕೆ ಏರುತ್ತದೆ, ಆದರೆ ವೋಲ್ಟೇಜ್ ಏರಿದರೆ ಅದರ ವರ್ಗದ ಲೆಕ್ಕದಲ್ಲಿ ಏರುತ್ತದೆ. ವೋಲ್ಟೇಜ್ ಶೇ. 10 ಹೆಚ್ಚಿದರೆ ಬಳಕೆ ಸುಮಾರು ಶೇ. 21 ಹೆಚ್ಚು. ಅದಷ್ಟೂ ಬಿಸಿಯಾಗಿಯೇ ಹೊರಬರಬೇಕು.

2011ರ ಮಾರ್ಚ್‌ನಲ್ಲಿ ಎನ್‌ವಿಡಿಯಾ ಜಿಟಿಎಕ್ಸ್ 590 ಬಂದಾಗ ಏನಾಯಿತು ನೋಡಿ. ಟೆಕ್‌ಪವರ್‌ಅಪ್ ಜಾಲತಾಣದ ಪರೀಕ್ಷಕರು ಸುಮಾರು 0.94 ವೋಲ್ಟ್ ಇದ್ದದ್ದನ್ನು 1.2ಕ್ಕೆ ಏರಿಸಿದರು. ಕಾರ್ಡ್ ಸುಟ್ಟೇಹೋಯಿತು. ಕಾರ್ಡ್ ಪರೀಕ್ಷಿಸುವುದೇ ಕಸುಬಾದವರ ಕೈಯಲ್ಲೇ ಹೀಗಾಯಿತು.

"ಅದು ಹಳೇ ಕಥೆ, ಈಗಿನ ಕಾರ್ಡಿಗೆ ಕಂಪನಿಯೇ ಬೇಲಿ ಹಾಕಿದೆ" ಎನ್ನುತ್ತೀರಿ. ಹಾಕಿದೆ, ಒಪ್ಪೋಣ. ಆದರೆ ಆ ಬೇಲಿ ಹಾಕಿದ್ದು ಹೊಸ ಕಾರ್ಡಿಗೆ. ಧೂಳು ತುಂಬಿದ ಫ್ಯಾನ್, ಒಣಗಿದ ಥರ್ಮಲ್ ಪೇಸ್ಟ್, ಅಗ್ಗದ ಎಸ್‌ಎಂಪಿಎಸ್, ಅರ್ತಿಂಗ್ ಇಲ್ಲದ ಪ್ಲಗ್ ಇವು ಬೇಲಿಯ ಲೆಕ್ಕದಲ್ಲಿಲ್ಲ. ಎಂಎಸ್‌ಐ ಆಫ್ಟರ್‌ಬರ್ನರ್ ತಂತ್ರಾಂಶದಲ್ಲೂ ವೋಲ್ಟೇಜ್ ಗುಂಡಿಗೆ ಮೊದಲೇ ಬೀಗ ಹಾಕಿರುತ್ತಾರೆ, ಸೆಟ್ಟಿಂಗ್ಸ್‌ಗೆ ಹೋಗಿ ನಾವೇ ತೆಗೆಯಬೇಕು. ಸುಮ್ಮನೆ ಹಾಕಿದ ಬೀಗವಲ್ಲ ಅದು.

ಹಾಗಾದರೆ ಸರಿಯಾದ ಕ್ರಮ ಯಾವುದು?

ಮೊದಲು ಕಾರ್ಡ್ ಸ್ವಚ್ಛ ಮಾಡಿ, ಫ್ಯಾನ್ ವೇಗ ಏರಿಸಿ, ಬಿಸಿ ಎಷ್ಟಿದೆ ನೋಡಿ. ಆಮೇಲೆ ಪವರ್ ಲಿಮಿಟ್ ಸ್ವಲ್ಪ ಹೆಚ್ಚಿಸಿ, ಎಸ್‌ಎಂಪಿಎಸ್‌ಗೆ ತಾಕತ್ತಿದ್ದರೆ ಮಾತ್ರ. ಕ್ಲಾಕ್ ಅನ್ನು ಒಂದು ಸಲಕ್ಕೆ 15 ಮೆಗಾಹರ್ಟ್ಸ್‌ನಂತೆ ಏರಿಸಿ, ಪ್ರತಿ ಸಲ ಅರ್ಧ ಗಂಟೆ ಭಾರದ ಗೇಮ್ ಓಡಿಸಿ. ಎಲ್ಲಿ ಹ್ಯಾಂಗ್ ಆಯಿತೋ ಅಲ್ಲಿಂದ ಎರಡು ಹೆಜ್ಜೆ ಹಿಂದೆ ಬನ್ನಿ. ಬಹಳ ಜನಕ್ಕೆ ಇಷ್ಟೇ ಸಾಕು.

ಇನ್ನೂ ಬೇಕೆಂದರೆ ಮಾತ್ರ ವೋಲ್ಟೇಜ್. ಅದೂ ಚೂರು ಚೂರೇ, ಬಿಸಿ 80 ಡಿಗ್ರಿ ದಾಟದಂತೆ. ಏರಿಸಿದ ಮೇಲೂ ಕ್ಲಾಕ್ ಮುಂದೆ ಹೋಗದಿದ್ದರೆ ವೋಲ್ಟೇಜ್ ವಾಪಸ್ ಇಳಿಸಿಬಿಡಿ. ಬಯಾಸ್ ಬದಲಿಸಿ ಬೇಲಿ ಕೀಳುವ ಕೆಲಸಕ್ಕಂತೂ ಕೈಹಾಕಲೇಬೇಡಿ. ನಮ್ಮ ಬೇಸಿಗೆಗೆ ಬಹಳ ಸಲ ವೋಲ್ಟೇಜ್ ಇಳಿಸುವುದೇ ಲಾಭ: ಕಾರ್ಡ್ ತಣ್ಣಗಿದ್ದರೆ ಬಿಸಿಗೆ ಹೆದರಿ ತಾನಾಗಿಯೇ ವೇಗ ಇಳಿಸಿಕೊಳ್ಳುವುದಿಲ್ಲ.

ಮುಂದಿನ ಸಲ ಯಾರಾದರೂ "ಫುಲ್ ಏರಿಸು" ಎಂದರೆ ಮೂರು ಪ್ರಶ್ನೆ ಕೇಳಿ. ಏರಿಸುವ ಮೊದಲು ಬಿಸಿ ಎಷ್ಟಿತ್ತು, ಆಮೇಲೆ ಎಷ್ಟಾಯಿತು? ಗೇಮ್‌ನಲ್ಲಿ ಎಷ್ಟು ಫ್ರೇಮ್ ಹೆಚ್ಚಾಯಿತು? ಸುಟ್ಟರೆ ದುಡ್ಡು ಯಾರು ಕೊಡುತ್ತಾರೆ? ಮೂರಕ್ಕೂ ಉತ್ತರ ಇಲ್ಲದವನ ಮಾತು ಕೇಳಿ ನಿಮ್ಮ ಕಾರ್ಡ್ ಮುಟ್ಟಬೇಡಿ.