ಶಾಲೆಯ ಆಯ್ಕೆ: ಯಾರ ಹಕ್ಕು, ಯಾರ ಅನಿವಾರ್ಯತೆ?

ಕನ್ನಡ ಮಾಧ್ಯಮದ ಅಳಿವು ಉಳಿವಿನ ಬಗೆಗೆ ನಮ್ಮ ಕನ್ನಡ ವಿಭಾಗಗಳಲ್ಲಿ ನಡೆದಿರುವ ಚರ್ಚೆ ಬಹುಮಟ್ಟಿಗೆ ಭಾಷೆಯ ಚರ್ಚೆಯಾಗಿಯೇ ಉಳಿದಿದೆ. ಅದರೊಳಗೆ ಅಡಗಿರುವ ಜಾತಿ, ವರ್ಗ ಮತ್ತು ಅವಕಾಶಗಳ ಪ್ರಶ್ನೆ ಹಿನ್ನೆಲೆಗೆ ಸರಿದಿದೆ. ‘ಪೋಷಕರ ಆಯ್ಕೆ’ ಎಂಬ ಪರಿಕಲ್ಪನೆಯನ್ನು ಈ ನೆಲೆಯಿಂದ ಮರುಪರಿಶೀಲಿಸುವುದು ಅಗತ್ಯ.

2009ರ ಶಿಕ್ಷಣ ಹಕ್ಕು ಕಾಯಿದೆಯು ಖಾಸಗಿ ಅನುದಾನರಹಿತ ಶಾಲೆಗಳ ಪ್ರವೇಶ ತರಗತಿಯಲ್ಲಿ ಕನಿಷ್ಠ ಶೇ. 25ರಷ್ಟು ಸ್ಥಾನಗಳನ್ನು ದುರ್ಬಲ ವರ್ಗದ ಹಾಗೂ ಅವಕಾಶವಂಚಿತ ಸಮುದಾಯಗಳ ಮಕ್ಕಳಿಗೆ ಮೀಸಲಿರಿಸಿತು. 2012ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಎತ್ತಿಹಿಡಿಯಿತಾದರೂ ಅನುದಾನರಹಿತ ಅಲ್ಪಸಂಖ್ಯಾತ ಶಾಲೆಗಳನ್ನು ಹೊರಗಿರಿಸಿತು. 2014ರಲ್ಲಿ ಅದೇ ನ್ಯಾಯಾಲಯದ ಸಂವಿಧಾನ ಪೀಠವು ಕರ್ನಾಟಕದ ಭಾಷಾನೀತಿಯ ಪ್ರಕರಣದಲ್ಲಿ, ಪ್ರಾಥಮಿಕ ಶಿಕ್ಷಣದ ಮಾಧ್ಯಮವನ್ನು ಆರಿಸಿಕೊಳ್ಳುವುದು ಮಗು ಮತ್ತು ಪೋಷಕರ ಹಕ್ಕೆಂದು ತೀರ್ಪಿತ್ತಿತು. 2019ರಲ್ಲಿ ರಾಜ್ಯ ಸರ್ಕಾರವು ನಿಯಮವನ್ನು ತಿದ್ದಿ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಗೆ ಈ ಹೊಣೆಯಿಂದ ವಿನಾಯಿತಿ ನೀಡಿತು. ಅದೇ ವರ್ಷ ರಾಜ್ಯದ ಉಚ್ಚ ನ್ಯಾಯಾಲಯವೂ ಅದನ್ನು ಸಮ್ಮತಿಸಿತು.

ಇವನ್ನು ಒಟ್ಟಿಗೆ ಇರಿಸಿ ನೋಡಿದಾಗ ವೈರುಧ್ಯ ಸ್ಪಷ್ಟವಾಗುತ್ತದೆ. ಶುಲ್ಕ ತೆರಬಲ್ಲವರ ಆಯ್ಕೆಗೆ ಸಂವಿಧಾನದ ರಕ್ಷಣೆ ದೊರೆಯಿತು. ತೆರಲಾರದವರ ಆಯ್ಕೆ ನಿಯಮವೊಂದರ ತಿದ್ದುಪಡಿಯಲ್ಲಿ ಕರಗಿತು.

ಹಾಗೆಂದು ಹಿಂದಿನ ವ್ಯವಸ್ಥೆಯನ್ನು ಆದರ್ಶವೆಂದು ಭಾವಿಸಬೇಕಿಲ್ಲ. ಅದು ಸಾರ್ವಜನಿಕ ಹಣವನ್ನು ಖಾಸಗಿ ಶಾಲೆಗಳತ್ತ ಹರಿಸಿತೆಂಬ ಆಕ್ಷೇಪ ನಿರಾಧಾರವಾದುದಲ್ಲ. ಕಾಯಿದೆಯ ಆಸರೆ ಎಂಟನೆಯ ತರಗತಿಗೆ ಮುಗಿಯುವುದರಿಂದ ಒಂಬತ್ತನೆಯ ತರಗತಿಯ ಶುಲ್ಕ ಬಡಪೋಷಕರ ಮೇಲೆಯೇ ಬೀಳುತ್ತದೆ. ಮೇಲಾಗಿ, ಪ್ರಶ್ನಿಸಬಲ್ಲ ಪೋಷಕರು ಹೊರನಡೆದಷ್ಟೂ ಊರಿನ ಸರ್ಕಾರಿ ಶಾಲೆ ತನ್ನ ಪರವಾಗಿ ಮಾತನಾಡುವವರನ್ನು ಕಳೆದುಕೊಳ್ಳುತ್ತದೆ. ಆದರೆ ಬಾಗಿಲು ಮುಚ್ಚುವುದಷ್ಟೇ ಇದಕ್ಕೆ ಪರಿಹಾರವಲ್ಲ. ಮುಚ್ಚಿದವರು ನೆರೆಯ ಶಾಲೆಗೆ ಸಾಕಷ್ಟು ಶಿಕ್ಷಕರನ್ನೂ ಕೊಡಬೇಕಾಗುತ್ತದೆ.

ದಲಿತ ಹಾಗೂ ಹಿಂದುಳಿದ ಕುಟುಂಬಗಳು ಇಂಗ್ಲಿಶನ್ನು ಬಯಸುವುದನ್ನು ‘ವ್ಯಾಮೋಹ’ವೆಂದು ಕರೆಯುವ ನೈತಿಕ ಅಧಿಕಾರ, ತಮ್ಮ ಮಕ್ಕಳನ್ನು ಆಂಗ್ಲ ಮಾಧ್ಯಮದಲ್ಲಿ ಓದಿಸುತ್ತಿರುವ ನಮ್ಮಂತಹ ಅಧ್ಯಾಪಕರಿಗೆ ಇಲ್ಲ. 2019-20ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಆಂಗ್ಲ ಮಾಧ್ಯಮ ವಿಭಾಗಗಳು ಆರಂಭವಾದಾಗ ನಾವು ಪ್ರತಿಭಟಿಸಿದೆವು. ಆದರೆ ಕನ್ನಡ ಶಾಲೆಯಲ್ಲಿಯೇ ಇಂಗ್ಲಿಶನ್ನು ಒಂದು ಭಾಷೆಯಾಗಿ ಸಮರ್ಥವಾಗಿ ಕಲಿಸುವ ಬಗೆಯನ್ನು ಕುರಿತು, ಮನೆಯಲ್ಲಿ ಲಂಬಾಣಿ, ಉರ್ದು, ತುಳು ಆಡುವ ಮಗುವಿಗೆ ಪಠ್ಯದ ಕನ್ನಡ ಒಡ್ಡುವ ತೊಡಕುಗಳನ್ನು ಕುರಿತು ನಾವು ನಡೆಸಿರುವ ಸಂಶೋಧನೆ ಅತ್ಯಲ್ಪ.

ಕನ್ನಡ ಶಾಲೆಯು ಬೇರೆ ದಾರಿಯಿಲ್ಲದವರ ಶಾಲೆಯಾಗಿ ಮಾತ್ರ ಉಳಿದರೆ ಅದನ್ನು ಕನ್ನಡದ ಉಳಿವೆನ್ನಲಾಗದು. ಆಯ್ಕೆಯಿರುವವರೂ ಆರಿಸಿಕೊಳ್ಳುವಂತಹ ಶಾಲೆಯಾಗಿ ಅದನ್ನು ರೂಪಿಸುವ ಹೊಣೆಯಲ್ಲಿ ಕನ್ನಡ ವಿಭಾಗಗಳ ಪಾಲೂ ಇದೆ.