ಕೃಷಿ ಕಾಲೇಜಿನ ಗ್ರಂಥಭಂಡಾರವೂ ಹಳ್ಳಿಯ ಹಿರಿಯರೂ

ಹಿಂಗಾರಿಯ ಕಡಲೆಯು ನವಲಗುಂದ, ಅಣ್ಣಿಗೇರಿ ಭಾಗದ ಎರೆಹೊಲಗಳಿಗೆ ಜೀವಾಳವಾದ ಬೆಳೆಯು. ಬಿತ್ತಿಗೆಯು ಹದಕ್ಕೆ ಬಿದ್ದು, ಹಸಿ ಚೆನ್ನಾಗಿ ಹಿಡಿದು, ಗಿಡಗಳು ಗೇಣುದ್ದ ಎದ್ದಿರುವಾಗ ಹೊಲದ ನಡುವೆ ಅಲ್ಲೊಂದು ಇಲ್ಲೊಂದು ಗಿಡವು ಬಾಡಿ ಒಣಗುವದನ್ನು ಈ ಸೀಮೆಯ ಒಕ್ಕಲಿಗರೆಲ್ಲರೂ ಕಂಡಿರುವರು. ಸಿಡಿ ಹಾಯ್ದಿತೆಂದು ಜನರು ಇದಕ್ಕೆ ಹೇಳುವರು. ಕೆಲವರು ಹಸಿ ಕಡಿಮೆಯಾಯಿತೆನ್ನುವರು. ಕೆಲವರು ದೈವದ ಮೇಲೆ ಭಾರ ಹಾಕಿ ಸುಮ್ಮನಾಗುವರು. ಉಳಿದವರು ಗೊಬ್ಬರದ ಅಂಗಡಿಗೆ ಹೋಗಿ, ಅಲ್ಲಿ ಕೊಟ್ಟ ಡಬ್ಬಿಯನ್ನು ತಂದು ಎಣ್ಣೆ ಹೊಡೆಯಿಸುವರು. ರೋಗವಿರುವದು ಬೇರಿನಲ್ಲಿ, ಔಷಧ ಬೀಳುವದು ಎಲೆಯ ಮೇಲೆ. ಹಣವೂ ಹೋಗುವದು, ಗಿಡವೂ ಹೋಗುವದು.

ಈ ರೋಗದ ಸಂಗತಿಯು ಗುಟ್ಟಾಗಿ ಉಳಿದಿರುವದಿಲ್ಲ. ಫ್ಯುಸೇರಿಯಂ ಎಂಬ ಶಿಲೀಂಧ್ರವೇ ಇದಕ್ಕೆ ಕಾರಣವೆಂದೂ, ಬಾಡಿದ ಗಿಡದ ಬೇರನ್ನು ಉದ್ದಕ್ಕೆ ಸೀಳಿ ನೋಡಿದರೆ ನಡುವೆ ಕಪ್ಪುಗಂದಿನ ಗೆರೆಯು ಕಾಣುವದೆಂದೂ, ಕಡಲೆಯನ್ನು ಬಿತ್ತದೆ ಬಿಟ್ಟರೂ ಅದು ಆರು ವರ್ಷಗಳವರೆಗೆ ಮಣ್ಣಿನಲ್ಲಿ ಬದುಕಿರಬಲ್ಲದೆಂದೂ ಬಲ್ಲವರು ಶೋಧಿಸಿ ಬರೆದಿಟ್ಟಿರುವರು. ಅಣ್ಣಿಗೇರಿಯ ಹೆಸರನ್ನೇ ಹೊತ್ತಿರುವ ಅಣ್ಣಿಗೇರಿ-1 ತಳಿಯು ಇಳುವರಿಯಲ್ಲಿ ಹೆಸರಾದದ್ದು. ಆದರೆ ಈ ರೋಗಕ್ಕೆ ಬೇಗನೆ ತುತ್ತಾಗತಕ್ಕದ್ದು. ಅದಕ್ಕಾಗಿ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದವರೂ ಹೈದರಾಬಾದಿನ ಹತ್ತಿರದ ಇಕ್ರಿಸ್ಯಾಟ್ ಸಂಸ್ಥೆಯವರೂ ಕೂಡಿ, ಡಬ್ಲ್ಯು.ಆರ್. 315 ಎಂಬ ಕಡಲೆಯಲ್ಲಿದ್ದ ರೋಗ ತಡೆಯುವ ಗುಣವನ್ನು ಅದರೊಳಗೆ ತಂದು, ಸೂಪರ್ ಅಣ್ಣಿಗೇರಿ-1 ಎಂಬ ತಳಿಯನ್ನು ಸಿದ್ಧಪಡಿಸಿದರು. 2019ರಲ್ಲಿ ಅದು ಬಿಡುಗಡೆಯಾಯಿತು. ಆ ಕೆಲಸದ ವಿವರವೆಲ್ಲ ಅಂತರ್ಜಾಲದಲ್ಲಿ ತೆರೆದಿರುವದು; ಕೈಯೊಳಗಿನ ಮೊಬೈಲಿನಲ್ಲಿ ಓದಲು ಬರುವದು. ತಮ್ಮ ಊರಿನ ಹೆಸರಿನ ಕಡಲೆಗೆ ಆದ ಈ ಸುಧಾರಣೆಯು ಆ ಊರಿನ ಹೊಲದವರಿಗೇ ತಿಳಿಯದೆ ಹೋದರೆ, ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಗೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಡ.

ಧಾರವಾಡದಲ್ಲಿ ಕೃಷಿ ಕಾಲೇಜು 1947ರಲ್ಲಿ ಆರಂಭವಾಯಿತು. 1986ರ ಅಕ್ಟೋಬರ 1ರಂದು ಅಲ್ಲಿಯೇ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವು ಸ್ಥಾಪಿತವಾಯಿತು. ಇಷ್ಟು ವರ್ಷ ಅಲ್ಲಿ ಕೂಡಿಬಿದ್ದ ಜ್ಞಾನವು ಮೊದಲು ಕಪಾಟುಗಳಲ್ಲಿ ಮಾತ್ರ ಇತ್ತು. ನವಲಗುಂದದ ರೈತನು ಅದನ್ನು ನೋಡಬೇಕಾದರೆ ಒಂದು ದಿನದ ಕೆಲಸ ಬಿಟ್ಟು ಹೋಗಬೇಕಾಗಿತ್ತು. ಈಗ ಹಾಗಿಲ್ಲ. ವಿಶ್ವವಿದ್ಯಾಲಯವು 1988ರಿಂದ ಹೊರಡಿಸುತ್ತಿರುವ ಕರ್ನಾಟಕ ಕೃಷಿ ವಿಜ್ಞಾನಗಳ ನಿಯತಕಾಲಿಕದ ಲೇಖನಗಳು ಆನ್‌ಲೈನ್ ಮೇಲೆ ದೊರೆಯುವವು. ದೇಶದ ಕೃಷಿ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಬರೆದ ಪ್ರಬಂಧಗಳನ್ನು ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನವರು ಕೃಷಿಕೋಶವೆಂಬ ಭಂಡಾರದಲ್ಲಿ ಇಟ್ಟಿರುವರು. ಅವುಗಳಲ್ಲಿ ಬಹಳಷ್ಟನ್ನು ಯಾರಾದರೂ ತೆರೆದು ನೋಡಬಹುದು. ಚಂದಾ ಕೊಟ್ಟು ತರಿಸುವ ಪರದೇಶದ ಪತ್ರಿಕೆಗಳು ಮಾತ್ರ ಸೆರಾ ಎಂಬ ಒಕ್ಕೂಟದ ಮುಖಾಂತರ ಕಾಲೇಜಿನವರಿಗೆ ಸಿಗತಕ್ಕವು. ಅಂಥವುಗಳಲ್ಲಿಯ ಸಂಗತಿ ಬೇಕಾದರೆ ಅಲ್ಲಿಯ ಅಧ್ಯಾಪಕರನ್ನಾಗಲಿ ಕೃಷಿ ವಿಜ್ಞಾನ ಕೇಂದ್ರದವರನ್ನಾಗಲಿ ಕೇಳಿ ತಿಳಿಯಬೇಕು. ಈ ಭಂಡಾರವೆಲ್ಲ ಸರಕಾರದ ಬೊಕ್ಕಸದ ಹಣದಿಂದ ಬೆಳೆದುಬಂದದ್ದು. ಬೊಕ್ಕಸವನ್ನು ತುಂಬಿದವರಲ್ಲಿ ಒಕ್ಕಲಿಗನೂ ಒಬ್ಬನು. ಆದಕಾರಣ ಇದನ್ನು ಬಳಸುವದು ಯಾರ ಉಪಕಾರವನ್ನೂ ಬೇಡಿದಂತಲ್ಲ.

ಇದಕ್ಕೆ ಹಿರಿಯರು ಒಂದು ಆಕ್ಷೇಪವನ್ನು ತೆಗೆಯುವದುಂಟು: ತಂದೆ ಮುತ್ತಜ್ಜರು ಪುಸ್ತಕ ನೋಡಿ ಬಿತ್ತಿದರೇ ಎಂದು. ಮಾತು ತಳ್ಳಿಹಾಕುವಂಥದಲ್ಲ. ಮಳೆಯ ಗುರುತು, ಮಣ್ಣಿನ ಹದ, ಬೀಜದ ಆಯ್ಕೆ, ಇವುಗಳಲ್ಲಿ ಅನುಭವದ ಮುಂದೆ ಕಾಗದವು ಸಣ್ಣದು. ಆದರೆ ಮುತ್ತಜ್ಜರು ಕಾಣದ ಶತ್ರುವು ಬಂದಾಗ ಅವರ ಅನುಭವವು ಏನು ಹೇಳೀತು? ಅಮೇರಿಕ ಖಂಡದ ಫಾಲ್ ಸೈನಿಕ ಹುಳವು 2016ರಲ್ಲಿ ಆಫ್ರಿಕಕ್ಕೆ ಕಾಲಿಟ್ಟು, 2018ರ ಮೇ ತಿಂಗಳಲ್ಲಿ ಶಿವಮೊಗ್ಗೆಯ ಕಡೆಯ ಗೋವಿನಜೋಳದಲ್ಲಿ ಕಂಡುಬಂದಿತು. ಭಾರತದಲ್ಲಿ ಅದು ಮೊದಲು ಪತ್ತೆಯಾದದ್ದೇ ಆಗ. ಶಿವಮೊಗ್ಗೆಯ ವಿಜ್ಞಾನಿಗಳು ಅದೇ ವರ್ಷ ಅದರ ವರ್ಣನೆಯನ್ನು ಪ್ರಕಟಿಸಿದರು. ಹುಳದ ತಲೆಯ ಮೇಲೆ ಬುಡಮೇಲಾದ ಇಂಗ್ಲಿಷ್ ವೈ ಅಕ್ಷರದಂಥ ಬಿಳಿಯ ಗೆರೆ. ಬಾಲದ ಸಮೀಪ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ. ಸುಳಿಯೊಳಗೆ ಅಡಗಿ ತಿಂದು ಕಟ್ಟಿಗೆಯ ಹೊಟ್ಟಿನಂಥ ಲದ್ದಿಯನ್ನು ಬಿಡುವದು. ಇಷ್ಟು ಗುರುತು ತಿಳಿದಿದ್ದರೆ ಕಲಘಟಗಿಯ ಗೋವಿನಜೋಳದವನು ಹುಳವು ಎಳೆಯದಿರುವಾಗಲೇ ಎಚ್ಚರಗೊಳ್ಳಬಹುದು. ಅದು ಬಲಿತು ಸುಳಿಯ ಆಳಕ್ಕೆ ಸೇರಿದ ಮೇಲೆ ಹೊಡೆದ ಎಣ್ಣೆಯು ಅದಕ್ಕೆ ಮುಟ್ಟುವದು ಕಷ್ಟ. ಇಂಥ ಪ್ರಸಂಗದಲ್ಲಿ ಹದಿನೈದು ದಿವಸ ಮೊದಲು ತಿಳಿಯುವದೇ ಬೆಳೆ, ಹದಿನೈದು ದಿವಸ ತಡವಾಗಿ ತಿಳಿಯುವದೇ ಸಾಲ.

ಎರಡನೆಯ ಆಕ್ಷೇಪವು ಭಾಷೆಯದು, ಅದು ನ್ಯಾಯವಾದದ್ದು. ಪ್ರಬಂಧಗಳು ಬಹುತೇಕ ಇಂಗ್ಲಿಷಿನಲ್ಲಿರುವವು. ಕುಂದಗೋಳದ ಮೆಣಸಿನಕಾಯಿಯ ಹೊಲದಲ್ಲಿ ನಿಂತು ಅಳೆದದ್ದನ್ನು ಆ ಹೊಲದವನಿಗೆ ತಿಳಿಯದ ಮಾತಿನಲ್ಲಿ ಬರೆದಿಟ್ಟರೆ ಅದು ಅರ್ಧ ಕೆಲಸವೇ ಸರಿ. ಪ್ರತಿಯೊಂದು ಪ್ರಬಂಧದ ಮುಂದೆ ಒಂದು ಪುಟದಷ್ಟಾದರೂ ತಿಳಿಗನ್ನಡದ ಸಾರಾಂಶವಿರತಕ್ಕದ್ದು. ಆದರೆ ಕೇಳುವವರಿಲ್ಲದೆ ಕೊಡುವವರು ಇರುವದಿಲ್ಲ. ಊರಿನ ಹತ್ತು ಜನ ಹಿರಿಯರು ಸಹಿ ಹಾಕಿ ಇಂಥ ಸಾರಾಂಶಗಳನ್ನು ಬೇಡಿದರೆ, ವಿದ್ವಾಂಸರು ಅದನ್ನು ಅಲಕ್ಷ್ಯ ಮಾಡಲಾರರು. ಅಲ್ಲಿಯವರೆಗೆ ಮೊಬೈಲಿನ ಭಾಷಾಂತರದಿಂದ ಸ್ಥೂಲವಾದ ಅರ್ಥವನ್ನು ತಿಳಿಯಬಹುದು. ಔಷಧದ ಹೆಸರು, ಅದರ ಪ್ರಮಾಣ ಇವುಗಳನ್ನು ಮಾತ್ರ ಅದರಿಂದ ಎತ್ತಿಕೊಳ್ಳಬಾರದು. ಒಂದು ಸೊನ್ನೆ ಆಚೀಚೆಯಾದರೆ ಬೆಳೆಯೇ ಸುಟ್ಟುಹೋದೀತು. ಅಂಥ ಸಂಗತಿಗಳನ್ನು ರೈತ ಸಂಪರ್ಕ ಕೇಂದ್ರದಲ್ಲಿ, ಇಲ್ಲವೆ ಕನ್ನಡದಲ್ಲಿ ಉತ್ತರ ಕೊಡುವ ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಯಲ್ಲಿ ಕೇಳಿ ಖಚಿತಪಡಿಸಿಕೊಳ್ಳತಕ್ಕದ್ದು.

ಅಚ್ಚಾದದ್ದೆಲ್ಲವೂ ಪ್ರತಿಯೊಂದು ಹೊಲಕ್ಕೂ ಒಪ್ಪುವದೆಂದು ತಿಳಿಯುವದೂ ತಪ್ಪು. ಸೂಪರ್ ಅಣ್ಣಿಗೇರಿ-1ರ ಲೇಖನವನ್ನೇ ಲಕ್ಷ್ಯಗೊಟ್ಟು ಓದಿದರೆ, ಸಿಡಿರೋಗದ ಶಿಲೀಂಧ್ರದಲ್ಲಿ ಹಲವು ಪಂಗಡಗಳುಂಟೆಂದೂ ಆ ಕೆಲಸವು ಅವುಗಳಲ್ಲಿ ನಾಲ್ಕನೆಯ ಪಂಗಡದ ಮೇಲೆ ನಡೆಯಿತೆಂದೂ ತಿಳಿಯುವದು. ಕಲಘಟಗಿಯ ಮಸಾರಿಯಲ್ಲಿ ಬಂದ ಫಲವು ನವಲಗುಂದದ ಎರೆಯಲ್ಲಿ ಬಾರದೆ ಇರಬಹುದು. ಆದದರಿಂದ ಓದಿದವನು ಮಾಡತಕ್ಕದ್ದು ಇಷ್ಟೇ: ಯಾವ ಮಣ್ಣು, ಯಾವ ಮಳೆ, ಎಷ್ಟು ಹಂಗಾಮಿನ ಪರೀಕ್ಷೆ ಎಂಬುದನ್ನು ಮೊದಲು ನೋಡುವದು, ಬಳಿಕ ತನ್ನ ಹೊಲದಲ್ಲಿ ಹತ್ತು ಗುಂಟೆಯನ್ನು ಬೇರೆ ಮಾಡಿ ಬಿತ್ತಿ ನೋಡುವದು, ಹಳೆಯದನ್ನೂ ಹೊಸದನ್ನೂ ತೂಗಿ, ತೂಕವನ್ನು ಬರೆದಿಡುವದು. ಹತ್ತು ಗುಂಟೆಯಲ್ಲಿ ಸೋತವನು ಹಾಳಾಗನು. ಹತ್ತು ಎಕರೆಯಲ್ಲಿ ಸೋತವನು ಏಳಲಾರನು.

ಇನ್ನು ಹಿರಿಯರ ಕೆಲಸವಾವದು? ಗೌಡಿಕೆಯ ವಂಶಪಾರಂಪರ್ಯದ ಹಕ್ಕು 1961ರ ಕಾಯದೆಯಿಂದ ಹೋಗಿದ್ದರೂ ಗೌಡರ ಮಾತಿಗೆ ಊರು ಕಿವಿಗೊಡುವದು ತಪ್ಪಿಲ್ಲ. ಗ್ರಾಮದ ಗ್ರಂಥಾಲಯಗಳು 2019ರಲ್ಲಿ ಪಂಚಾಯತರಾಜ ಇಲಾಖೆಯ ಕೆಳಗೆ ಬಂದು, ಈಗ ಅರಿವು ಕೇಂದ್ರಗಳೆನಿಸಿವೆ. ಹಲವು ಕಡೆ ಅಲ್ಲಿ ಗಣಕಯಂತ್ರವೂ ಇರುವದು. ಅದರ ಮೇಲೆ ಧೂಳು ಕೂಡ್ರುವದೋ ಅಕ್ಷರ ಮೂಡುವದೋ ಎಂಬುದು ಊರಿನವರ ಇಚ್ಛೆಗೆ ಬಿಟ್ಟದ್ದು. ಅಲ್ಲಿ ಒಂದು ಪ್ರಶ್ನೆಯ ವಹಿಯನ್ನು ಇಡಬೇಕು. ಯಾರ ಹೊಲದಲ್ಲಿ ಏನು ಕೆಟ್ಟಿತೆಂಬುದನ್ನು ಅದರಲ್ಲಿ ಬರೆಯಿಸಬೇಕು. ಊರಿನಲ್ಲಿ ಕಾಲೇಜು ಓದಿದ ಹುಡುಗನಾಗಲಿ ಹುಡುಗಿಯಾಗಲಿ ವಾರಕ್ಕೆ ಒಂದು ಸಂಜೆ ಕುಳಿತು, ಆ ಪ್ರಶ್ನೆಗಳಿಗೆ ಉತ್ತರವನ್ನು ಹುಡುಕಿ, ಕಟ್ಟೆಯ ಮೇಲೆ ಕೂಡಿದವರಿಗೆ ಕನ್ನಡದಲ್ಲಿ ಓದಿ ಹೇಳಬೇಕು. ಅಕ್ಷರ ಬಾರದ ಸಣ್ಣ ಹಿಡುವಳಿಯವನೂ ಕೂಲಿಯವನೂ ಅಲ್ಲಿಗೆ ಬರುವಂತಿರಬೇಕು. ದೊಡ್ಡ ಜಮೀನುದಾರನಿಗೆ ಒಂದು ಹಂಗಾಮು ಹೋದರೆ ಮತ್ತೊಂದು ಉಂಟು. ಎರಡು ಎಕರೆಯವನಿಗೆ ಅದೇ ಮನೆಯ ಮಗಳ ಮದುವೆ, ಅದೇ ಮಗನ ಶಾಲೆ.

ಕೆರೆಯು ತುಂಬಿದ್ದರೂ ಕಾಲುವೆಯನ್ನು ತೋಡದಿದ್ದರೆ ಹೊಲಕ್ಕೆ ನೀರು ಬಾರದು. ಧಾರವಾಡದಲ್ಲಿ ಕೆರೆಯು ತುಂಬಿರುವದು. ಕಾಲುವೆಯ ಮೊದಲ ಗುದ್ದಲಿಯನ್ನು ಹಾಕುವ ಕೆಲಸವು ಹಳ್ಳಿಯ ಹಿರಿಯರದು. ಬರುವ ಹಿಂಗಾರಿಯ ಬಿತ್ತಿಗೆಗಿಂತ ಮೊದಲು ಒಂದೊಂದು ಊರಿನಲ್ಲಿಯೂ ಪ್ರಶ್ನೆಯ ವಹಿಯೊಂದು ತೆರೆಯಲ್ಪಟ್ಟರೆ, ಅದರ ಫಲವು ರಾಶಿಯ ಕಣದಲ್ಲಿ ತಾನಾಗಿಯೇ ಕಾಣುವದು.