ವೈದ್ಯರಿಗೆ ಕಾದಂಬರಿ ಓದಲು ಹೊತ್ತೆಲ್ಲಿದೆ?

ಪೊಳ್ಳಾಚಿ ದಾಟಿ ಆಳಿಯಾರು ಅಣೆಕಟ್ಟಿನ ಮಗ್ಗುಲಿಂದ ವಾಲ್ಪಾರೈಗೆ ಹತ್ತುವ ರಸ್ತೆಯಲ್ಲಿ 40 ಹೇರ್‌ಪಿನ್ ತಿರುವುಗಳಿವೆ. ಹತ್ತಿ ಮುಗಿದರೆ ಕಣ್ಣು ಹಾಯುವಷ್ಟು ದೂರ ಚಹಾ ತೋಟ. ಕೊಯಮತ್ತೂರು ಜಿಲ್ಲೆಯ ಈ ತೋಟಗಳಿಗೆ 1940ರ ದಶಕದಲ್ಲಿ ವೈದ್ಯರಾಗಿ ಬಂದವರು ಡಾ. ಪಾಲ್ ಹ್ಯಾರಿಸ್ ಡೇನಿಯಲ್. ಕೂಲಿಗಳ ಜ್ವರ ನೋಡುವುದು, ಗಾಯ ಕಟ್ಟುವುದು, ಹೆರಿಗೆ ಮಾಡಿಸುವುದು ಅವರ ಕೆಲಸ. ಅದರ ನಡುವೆ ತೋಟದ ಹಳಬರು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. 1969ರಲ್ಲಿ ಅದು 'ರೆಡ್ ಟೀ' ಎಂಬ ಇಂಗ್ಲಿಷ್ ಕಾದಂಬರಿಯಾಗಿ ಹೊರಬಂತು.

ಕತೆ ನಡೆಯುವುದು 1920ರ ದಶಕದಲ್ಲಿ. ತಿರುನೆಲ್ವೇಲಿ ಸೀಮೆಯ ಕರುಪ್ಪನ್ ಮತ್ತು ವಳ್ಳಿ ಎಂಬ ಬಡ ದಂಪತಿ ಮೇಸ್ತ್ರಿಯ ಮಾತು ನಂಬಿ, ಮುಂಗಡ ಪಡೆದು ಆನೆಮಲೆ ಹತ್ತುತ್ತಾರೆ. ಒಂದೆರಡು ವರ್ಷ ದುಡಿದು ಊರಿಗೆ ಮರಳುವುದು ಅವರ ಲೆಕ್ಕ. ಮಲೇರಿಯಾ, ಚಳಿ, ಹೊಡೆತ, ತೀರದ ಮುಂಗಡ ಸೇರಿ ಆ ಲೆಕ್ಕವನ್ನು ನುಂಗುತ್ತವೆ. 2007ರಲ್ಲಿ ಇರಾ. ಮುರುಗವೇಳ್ ಇದನ್ನು 'ಎರಿಯುಂ ಪನಿಕ್ಕಾಡು' ಎಂದು ತಮಿಳಿಗೆ ತಂದರು. 2013ರಲ್ಲಿ ತೆರೆಗೆ ಬಂದ ಬಾಲಾ ನಿರ್ದೇಶನದ 'ಪರದೇಸಿ' ಚಿತ್ರಕ್ಕೂ ಇದೇ ಆಧಾರ.

ತೋಟದ ಆಸ್ಪತ್ರೆಯ ರಿಜಿಸ್ಟರಿನಲ್ಲಿ ಇಂಥ ಕೂಲಿಯ ಬಗ್ಗೆ ಏನಿರಬಹುದು? ಹೆಸರು, ವಯಸ್ಸು, ಮಲೇರಿಯಾ, ಮರಣ. ನಾಲ್ಕೂ ನಿಜ. ಆದರೆ ಜ್ವರ ಬಂದ ಮೊದಲ ವಾರವೇ ಅವನು ಊರಿಗೆ ಯಾಕೆ ಹೋಗಲಿಲ್ಲ, ಮೈ ಸುಡುತ್ತಿದ್ದರೂ ಮರುದಿನ ಯಾಕೆ ಕೆಲಸಕ್ಕೆ ಇಳಿದ ಎಂಬುದಕ್ಕೆ ಆ ಪುಟದಲ್ಲಿ ಜಾಗವಿಲ್ಲ. ಉತ್ತರ ಇದ್ದದ್ದು ಮೇಸ್ತ್ರಿಯ ಲೆಕ್ಕದ ಪುಸ್ತಕದಲ್ಲಿ. ರೋಗಕ್ಕೂ ಸಾಲಕ್ಕೂ ಇರುವ ಈ ನಂಟನ್ನು ತೋರಿಸಲು ಡೇನಿಯಲ್ ವರದಿ ಬರೆಯಬಹುದಿತ್ತು, ಆದರೆ ಕಾದಂಬರಿ ಬರೆದರು. ವರದಿ ಓದಿದವರಿಗೆ ಕೂಲಿಗಳ ಸಂಖ್ಯೆ ಗೊತ್ತಾಗುತ್ತಿತ್ತು. ಕಾದಂಬರಿ ಓದಿದವರಿಗೆ ಕರುಪ್ಪನ್ ಗೊತ್ತಾದ.

ವೈದ್ಯ ವೃತ್ತಿ ಮತ್ತು ಕಾದಂಬರಿಯ ಮಾತು ಬಂದಾಗಲೆಲ್ಲ ನಾವು ಅದನ್ನು ಹವ್ಯಾಸದ ಪ್ರಶ್ನೆಯಾಗಿ ನೋಡುತ್ತೇವೆ. ಒಬ್ಬರಿಗೆ ಟೆನಿಸ್, ಇನ್ನೊಬ್ಬರಿಗೆ ವೀಣೆ, ಮತ್ತೊಬ್ಬರಿಗೆ ಪುಸ್ತಕ. ಬಿಡುವಿದ್ದರೆ ಮಾಡಲಿ, ಇಲ್ಲದಿದ್ದರೆ ನಷ್ಟವೇನು ಎಂಬ ಧೋರಣೆ. ನಾನು ಇದನ್ನು ಒಪ್ಪುವುದಿಲ್ಲ. ಓದುವ ವೈದ್ಯರು ಓದುವ ಹೊತ್ತನ್ನು ಕಳೆದುಕೊಂಡರೆ ನಷ್ಟದ ಒಂದು ಪಾಲು ಮೇಜಿನ ಈಚೆ ಕೂತ ರೋಗಿಗೂ ಬರುತ್ತದೆ.

ಅದು ಹೇಗೆ ಎಂಬುದಕ್ಕೆ ಬೆಟ್ಟ ಇಳಿದು ಬಯಲಿಗೆ ಬರೋಣ. ಕೊಯಮತ್ತೂರು, ಪಲ್ಲಡಂ, ಅವಿನಾಶಿ, ತಿರುಪ್ಪೂರು, ಉಡುಮಲೈ ಸೀಮೆ ನೂಲಿನ ಗಿರಣಿ, ಮಗ್ಗ, ಬನಿಯನ್ ಕಂಪನಿಗಳ ನಾಡು. ನೂಲಿನ ಗಿರಣಿಯಲ್ಲಿ ಹತ್ತಿಯ ಬೇಲು ಬಿಚ್ಚಿ ಶುಚಿ ಮಾಡುವ ಬ್ಲೋ ರೂಮ್ ಮತ್ತು ಅದರ ಮುಂದಿನ ಕಾರ್ಡಿಂಗ್ ವಿಭಾಗದಲ್ಲಿ ದೂಳು ಹೆಚ್ಚು. ವರ್ಷಗಟ್ಟಲೆ ಅದನ್ನು ಉಸಿರಾಡಿದವರಿಗೆ ಬಿಸಿನೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರಬಹುದು. ಕೆಮ್ಮು, ಎದೆ ಬಿಗಿತ, ಏದುಸಿರು. ಆಸ್ತಮಾಕ್ಕೂ ಇವೇ ಲಕ್ಷಣ, ಬೀಡಿ ಸೇದುವವನಿಗೂ ಇವೇ. ಕಾಯಿಲೆಯ ಆರಂಭದಲ್ಲಿ ಎದೆಯ ಎಕ್ಸ್‌ರೇಯಲ್ಲಿ ವಿಶೇಷವೇನೂ ಕಾಣುವುದಿಲ್ಲ. ಗುರುತು ಸಿಗುವುದು ರೋಗಿಯ ಮಾತಿನಲ್ಲಿ: ವಾರದ ರಜೆ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನ ಎದೆ ಬಿಗಿಯುತ್ತದೆ, ವಾರ ಕಳೆಯುತ್ತ ಹಗುರಾಗುತ್ತದೆ, ಮತ್ತೆ ರಜೆ, ಮತ್ತೆ ಬಿಗಿತ. ಕಾಯಿಲೆ ಬಲಿತ ಮೇಲೆ ಈ ವ್ಯತ್ಯಾಸವೂ ಅಳಿದು ಎಲ್ಲ ದಿನವೂ ಒಂದೇ ಆಗುತ್ತದೆ. ಅಂದರೆ ಹಿಡಿಯಬಹುದಾದ ಕಾಲ ಮುಗಿದಿರುತ್ತದೆ.

"ಎಷ್ಟು ದಿನದಿಂದ ಕೆಮ್ಮು?" ಎಂದು ಕೇಳಿದರೆ "ಆರು ತಿಂಗಳಿಂದ ಸಾರ್" ಎನ್ನುತ್ತಾನೆ ರೋಗಿ. ಕೇಸ್ ಶೀಟಿನಲ್ಲಿ ಒಂದು ಸಾಲು ಭರ್ತಿಯಾಯಿತು. "ವಾರದಲ್ಲಿ ಯಾವ ದಿನ ಜಾಸ್ತಿ?" ಎಂದು ಕೇಳಬೇಕೆಂದು ಹೊಳೆಯುವುದು, ಎದುರಿಗೆ ಕೂತವನಿಗೆ ವಾರವೊಂದಿದೆ, ಅದರಲ್ಲಿ ಪಾಳಿಗಳಿವೆ, ರಜೆಯಿದೆ, ಬಿಹಾರದಿಂದಲೋ ಒಡಿಶಾದಿಂದಲೋ ಬಂದು ಇಳಿದ ಒಂದು ಕೋಣೆಯಿದೆ ಎಂದು ಮನಸ್ಸು ಕಲ್ಪಿಸಿಕೊಂಡಾಗ. ವೈದ್ಯಕೀಯ ಪಠ್ಯದಲ್ಲಿ ಬಿಸಿನೋಸಿಸ್ ಇದೆ. ಯಾರನ್ನು ನೋಡಿದಾಗ ಅದು ನೆನಪಾಗಬೇಕು ಎಂಬುದನ್ನು ಪಠ್ಯ ಅರ್ಧ ಮಾತ್ರ ಹೇಳುತ್ತದೆ. ಕಾದಂಬರಿ ಓದುಗರಿಗೆ ಒಂದು ಅಭ್ಯಾಸ ತಾನಾಗಿ ಬಂದಿರುತ್ತದೆ: ಯಾವುದು ಮೊದಲಾಯಿತು, ಯಾವುದು ಆಮೇಲೆ, ನಡುವೆ ಯಾವುದನ್ನು ಹೇಳದೆ ಬಿಟ್ಟರು ಎಂದು ಗಮನಿಸುವುದು. ರೋಗದ ಇತಿಹಾಸ ಕೇಳುವ ವಿದ್ಯೆಗೂ ಇದೇ ತಳಹದಿ.

ಕೇಳುವುದಕ್ಕೆ ಹೊತ್ತು ಎಷ್ಟಿದೆ ಎಂಬುದನ್ನೂ ನೋಡಬೇಕು. 1984ರಲ್ಲಿ ಅಮೆರಿಕದ ಬೆಕ್‌ಮನ್ ಮತ್ತು ಫ್ರಾಂಕೆಲ್ ಎಂಬ ಸಂಶೋಧಕರು ವೈದ್ಯರ ಕೋಣೆಯ ಸಂಭಾಷಣೆಗಳನ್ನು ಧ್ವನಿಮುದ್ರಿಸಿ ಪರಿಶೀಲಿಸಿದರು. ರೋಗಿ ಮಾತು ಆರಂಭಿಸಿದ ಸರಾಸರಿ 18 ಸೆಕೆಂಡಿಗೆ ವೈದ್ಯರು ನಡುವೆ ಬಾಯಿ ಹಾಕಿದ್ದರು. 67 ದೇಶಗಳ ಮಾಹಿತಿ ಕಲೆಹಾಕಿ 2017ರಲ್ಲಿ ಬಿಎಂಜೆ ಓಪನ್ ಪತ್ರಿಕೆ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಭಾರತದ ಪ್ರಾಥಮಿಕ ಚಿಕಿತ್ಸೆಯ ಭೇಟಿ ಎರಡು ನಿಮಿಷದ ಆಸುಪಾಸಿನಲ್ಲಿತ್ತು. ಎರಡು ನಿಮಿಷದಲ್ಲಿ ಯಾರ ಕತೆಯೂ ಪೂರ್ತಿಯಾಗುವುದಿಲ್ಲ. ಹಾಗಾಗಿಯೇ ಯಾವ ಎಳೆ ಹಿಡಿದು ಕೇಳಬೇಕೆಂದು ಗೊತ್ತಿರುವ ಕಿವಿ ಬೇಕು.

ಇಷ್ಟು ಹೇಳಿದ ಮಾತ್ರಕ್ಕೆ ಕಾದಂಬರಿ ಓದಿದವರೆಲ್ಲ ಕರುಣಾಳುಗಳು ಎಂದು ಸಾರಿಬಿಡುವುದು ತಪ್ಪು. ಸಾಹಿತ್ಯದ ಕೆಲವು ಪುಟ ಓದಿದವರು ಕಣ್ಣುಗಳ ಚಿತ್ರ ನೋಡಿ ಭಾವನೆ ಗುರುತಿಸುವುದರಲ್ಲಿ ಮುಂದಿದ್ದರು ಎಂದು 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಭಾರೀ ಸುದ್ದಿಯಾಯಿತು. ಬೇರೆಯವರು ಅದೇ ಪ್ರಯೋಗ ಮಾಡಿದಾಗ ಆ ಫಲಿತಾಂಶ ಬರಲಿಲ್ಲ. ಹತ್ತು ಪುಟಕ್ಕೆ ಮನುಷ್ಯ ಬದಲಾಗುತ್ತಾನೆಂದು ನಿರೀಕ್ಷಿಸಿದ್ದೇ ಅತಿಯಾಯಿತು ಎಂದು ನನಗನ್ನಿಸುತ್ತದೆ. ಕತೆಯನ್ನು ಗುಳಿಗೆಯ ಹಾಗೆ ನುಂಗಿಸಿ ಪರಿಣಾಮ ಅಳೆಯಲಾಗದು. ವರ್ಷಾನುವರ್ಷ ಓದುತ್ತ ಬಂದವರಲ್ಲಿ ಅದು ನೋಟದ ಭಾಗವಾಗುತ್ತದೆ, ಅಷ್ಟೇ.

ಹಿರಿಯ ವೈದ್ಯರಿಗೆ ಇದು ತಿಳಿಯದ ಸಂಗತಿಯೇನಲ್ಲ. ಹದಿನೇಳನೇ ಶತಮಾನದ ಇಂಗ್ಲೆಂಡಿನ ಥಾಮಸ್ ಸಿಡನ್‌ಹ್ಯಾಮ್ ಬಳಿ ಒಬ್ಬ ಯುವಕ ವೈದ್ಯನಾಗಲು ಏನು ಓದಲಿ ಎಂದು ಕೇಳಿದಾಗ ಅವರು ಹೇಳಿದ್ದು 'ಡಾನ್ ಕಿಹೋಟೆ'ಯ ಹೆಸರು. ಆಧುನಿಕ ವೈದ್ಯ ಶಿಕ್ಷಣಕ್ಕೆ ರೂಪ ಕೊಟ್ಟವರಲ್ಲಿ ಒಬ್ಬರಾದ ವಿಲಿಯಂ ಆಸ್ಲರ್ ವಿದ್ಯಾರ್ಥಿಗಳು ಹಾಸಿಗೆಯ ಪಕ್ಕ ಇಟ್ಟುಕೊಂಡು ಮಲಗುವ ಮುನ್ನ ಅರ್ಧ ಗಂಟೆ ಓದಬೇಕಾದ ಪುಸ್ತಕಗಳ ಪಟ್ಟಿ ಮಾಡಿದರು. ಅದರಲ್ಲೂ ಆ ಕಾದಂಬರಿ ಇದೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ವೈದ್ಯೆ ರೀಟಾ ಚರೋನ್ 2000ರ ಸುಮಾರಿಗೆ ಕಥನ ವೈದ್ಯಕೀಯ ಎಂಬ ಕಲಿಕಾ ಕ್ರಮವನ್ನೇ ಕಟ್ಟಿದರು.

ನಮ್ಮಲ್ಲೂ ಉದಾಹರಣೆಗೆ ಬರವಿಲ್ಲ. ಬೆಂಗಳೂರಿನಲ್ಲಿ ವೈದ್ಯರಾಗಿದ್ದ ಡಾ. ಎಂ. ಶಿವರಾಂ 'ರಾಶಿ' ಎಂಬ ಹೆಸರಿನಲ್ಲಿ ಬರೆಯುತ್ತ 1942ರಿಂದ 1967ರವರೆಗೆ 'ಕೊರವಂಜಿ' ಹಾಸ್ಯಪತ್ರಿಕೆ ನಡೆಸಿದರು. ಮನಸ್ಸಿನ ಕಾಯಿಲೆಗಳ ಕುರಿತ ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಧಾರವಾಡ, ಬೆಂಗಳೂರುಗಳಲ್ಲಿ ವೈದ್ಯೆಯಾಗಿದ್ದ ಅನುಪಮಾ ನಿರಂಜನ ಒಂದು ಕೈಯಲ್ಲಿ ಕಾದಂಬರಿ, ಇನ್ನೊಂದು ಕೈಯಲ್ಲಿ ತಾಯಿ ಮಗುವಿನ ಆರೋಗ್ಯದ ಪುಸ್ತಕ ಬರೆದರು. ಅಮೆರಿಕದ ಮಿನ್ನೆಸೋಟಾದಲ್ಲಿ ತುರ್ತು ಚಿಕಿತ್ಸಾ ವೈದ್ಯರಾಗಿರುವ ಗುರುಪ್ರಸಾದ ಕಾಗಿನೆಲೆ ಅವರ 'ಹಿಜಾಬ್' ಕಾದಂಬರಿಯಲ್ಲಿ ಆಫ್ರಿಕಾದಿಂದ ವಲಸೆ ಬಂದ ಹೆಂಗಸರು ಸಿಸೇರಿಯನ್ ಬೇಡವೆನ್ನುತ್ತಾರೆ. ರೋಗಿ ಬೇಡ ಎಂದರೆ ಸಹಿ ಹಾಕಿಸಿಕೊಂಡು ಮುಂದಿನ ಹಾಸಿಗೆಗೆ ಹೋಗುವುದು ಆಸ್ಪತ್ರೆಯ ರೂಢಿ. ಆ ಬೇಡದ ಹಿಂದೆ ಏನೇನಿದೆ ಎಂದು ನೋಡಲು ಕಾದಂಬರಿಗೆ ಮಾತ್ರ ಪುರುಸೊತ್ತು.

ಇವರೆಲ್ಲ ಬರೆದವರು. ಬರೆಯದೆ ಓದುವವರ ಸಂಖ್ಯೆ ದೊಡ್ಡದು, ಅವರ ಕಷ್ಟವೂ ದೊಡ್ಡದು. ಕೊಯಮತ್ತೂರು ಈ ಮಟ್ಟಿಗೆ ಪುಣ್ಯವಂತ ಊರು. ರಾಜಾ ಬೀದಿಯ ವಿಜಯಾ ಪದಿಪ್ಪಗಂ ಓದುಗರಿಗೆ ಚಿರಪರಿಚಿತ ಅಂಗಡಿ. ಕೊಡಿಸಿಯಾ ಸಭಾಂಗಣದಲ್ಲಿ ಪುಸ್ತಕ ಮೇಳ ನಡೆಯುತ್ತದೆ. 2010ರಿಂದ ವಿಷ್ಣುಪುರಂ ಓದುಗ ಬಳಗ ಇದೇ ಊರಿನಲ್ಲಿ ಹಿರಿಯ ತಮಿಳು ಸಾಹಿತಿಗಳಿಗೆ ಪ್ರಶಸ್ತಿ ಕೊಡುತ್ತ ಬಂದಿದೆ. ಆ ಬಳಗ ಹುಟ್ಟಿದ್ದು ಲೇಖಕ ಜಯಮೋಹನ್ ಅವರ ಓದುಗರಿಂದ. ಅವರ 'ಯಾನೈ ಡಾಕ್ಟರ್' ಕತೆಯ ನಾಯಕ ಇದೇ ಜಿಲ್ಲೆಯ ಟಾಪ್‌ಸ್ಲಿಪ್ ಕಾಡಿನಲ್ಲಿ ಆನೆಗಳಿಗೆ ಚಿಕಿತ್ಸೆ ಕೊಟ್ಟ ಪಶುವೈದ್ಯ ಡಾ. ವಿ. ಕೃಷ್ಣಮೂರ್ತಿ. ಊರು, ಪುಸ್ತಕ, ಓದುಗ ಎಲ್ಲ ಇದ್ದೂ ಇಲ್ಲಿನ ಕಿರಿಯ ವೈದ್ಯರ ಕೈಯಲ್ಲಿ ಕಾದಂಬರಿ ನಿಲ್ಲುವುದು ಕಷ್ಟ. ಕಾರಣ ಆಸಕ್ತಿಯ ಕೊರತೆಯಲ್ಲ.

ಓದು ತಪ್ಪುವುದು ಹನ್ನೊಂದನೇ ತರಗತಿಯಲ್ಲೇ. ನೀಟ್ ಪರೀಕ್ಷೆಯ ತಯಾರಿ ಶುರುವಾಯಿತೆಂದರೆ ಕತೆ ಪುಸ್ತಕ ಅಟ್ಟ ಸೇರುತ್ತದೆ. ಎಂಬಿಬಿಎಸ್ ಸೀಟು ಸಿಕ್ಕ ಮೇಲೆ ಇಳಿಸೋಣ ಎನ್ನುತ್ತಾರೆ. ಆಗ ಅನಾಟಮಿ ಬರುತ್ತದೆ. ಹೌಸ್ ಸರ್ಜನ್ ಆದಾಗ ಡ್ಯೂಟಿ, ಅದರ ಬೆನ್ನಿಗೆ ನೀಟ್ ಪಿಜಿ, ಆಮೇಲೆ ರೆಸಿಡೆನ್ಸಿ. ಮೊದಲು ಓದುತ್ತಿದ್ದ ಹುಡುಗಿಗೆ ಮೂವತ್ತು ತುಂಬುವ ಹೊತ್ತಿಗೆ ಪುಸ್ತಕ ಹಿಡಿದರೆ ನಾಲ್ಕನೇ ಪುಟಕ್ಕೆ ನಿದ್ದೆ. ಅದು ಸೋಮಾರಿತನವಲ್ಲ, ವರ್ಷಗಳ ನಿದ್ದೆಯ ಬಾಕಿ.

ರೆಸಿಡೆಂಟ್ ವೈದ್ಯರ ಕೆಲಸ ವಾರಕ್ಕೆ 48 ಗಂಟೆ, ಒಂದೇ ಬಾರಿಗೆ 12 ಗಂಟೆ ಮೀರಬಾರದು ಎಂದು ಕೇಂದ್ರ ಸರ್ಕಾರ 1992ರಲ್ಲೇ ನಿರ್ದೇಶನ ಕೊಟ್ಟಿತ್ತು. ಅದು ವಾರ್ಡುಗಳಿಗೆ ಬಂದು ಮುಟ್ಟಲಿಲ್ಲ. ವೈದ್ಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯ ಕುರಿತು ರಾಷ್ಟ್ರೀಯ ವೈದ್ಯಕೀಯ ಆಯೋಗ ನೇಮಿಸಿದ ಕಾರ್ಯಪಡೆ 2024ರಲ್ಲಿ ವಾರಕ್ಕೆ 74 ಗಂಟೆಯ ಮಿತಿ, ವಾರಕ್ಕೊಂದು ರಜೆ, ದಿನಕ್ಕೆ 7ರಿಂದ 8 ಗಂಟೆ ನಿದ್ದೆ ಇರಲಿ ಎಂದಿತು. 74 ಗಂಟೆಯನ್ನು ಇಳಿಕೆ ಎಂದು ಕೇಳಬೇಕಾಗಿ ಬಂದಿದೆಯೆಂದರೆ ಈಗಿನ ಸ್ಥಿತಿ ಏನಿರಬಹುದೆಂದು ಓದುಗರೇ ಊಹಿಸಬಹುದು.

ಈ ಪರಿಸ್ಥಿತಿಯಲ್ಲೂ ಓದು ಬಿಡದವರಿದ್ದಾರೆ. ದಪ್ಪ ಕಾದಂಬರಿ ಬದಿಗಿಟ್ಟು ಸಣ್ಣಕತೆಗೆ ಇಳಿಯುತ್ತಾರೆ. ರಾತ್ರಿ ಪಾಳಿಯ ಮೂರು ಗಂಟೆಗೆ ವಾರ್ಡು ತುಸು ತಣ್ಣಗಾದರೆ ಒಂದು ಕತೆ ಮುಗಿಯುತ್ತದೆ. ಬಸ್ಸಿನಲ್ಲಿ ಕಿವಿಗೆ ಹಾಕಿಕೊಂಡು ಕೇಳುವವರಿದ್ದಾರೆ. ಓದಿದ್ದನ್ನೇ ಮತ್ತೆ ಓದುವವರಿದ್ದಾರೆ, ದಣಿದ ತಲೆಗೆ ಹೊಸ ಪಾತ್ರಗಳ ಪರಿಚಯ ಭಾರವಾಗುತ್ತದೆ. ಇವೆಲ್ಲ ಒಳ್ಳೆಯ ಉಪಾಯಗಳೇ. ಆದರೆ ಉಪಾಯದ ಹೊಣೆಯನ್ನೆಲ್ಲ ದಣಿದವರ ಹೆಗಲಿಗೇ ಹಾಕಿ ಕೂರುವುದು ನ್ಯಾಯವಲ್ಲ.

2019ರ ಹೊಸ ಎಂಬಿಬಿಎಸ್ ಪಠ್ಯಕ್ರಮದಲ್ಲಿ ನಡವಳಿಕೆ, ನೀತಿ, ಸಂವಹನ ಕಲಿಸಲು ಏಟ್‌ಕಾಮ್ ಎಂಬ ಭಾಗ ಸೇರಿದೆ. ಕೊಯಮತ್ತೂರು ವೈದ್ಯಕೀಯ ಕಾಲೇಜು 1966ರದು, ತಿರುಪ್ಪೂರಿನ ಸರ್ಕಾರಿ ಕಾಲೇಜು ತೀರ ಇತ್ತೀಚಿನದು. ಎರಡೂ ಕಡೆ ಈ ಅವಧಿಯಲ್ಲಿ ಸ್ಲೈಡ್ ತೋರಿಸುವ ಬದಲು 'ಎರಿಯುಂ ಪನಿಕ್ಕಾಡು' ಕಾದಂಬರಿಯ ಒಂದು ಅಧ್ಯಾಯ ಓದಿಸಿ ಮಾತಾಡಿಸಿದರೆ ಹೆಚ್ಚಿನ ಖರ್ಚೇನೂ ಇಲ್ಲ. ಒಂದೇ ಷರತ್ತು, ಅದಕ್ಕೆ ಅಂಕ ಇಡಬಾರದು.

ಹೊತ್ತಿನ ಲೆಕ್ಕವೂ ಅಸಾಧ್ಯದ್ದಲ್ಲ. ವಾರಕ್ಕೆ 168 ಗಂಟೆ. 74 ಕೆಲಸಕ್ಕೆ, ದಿನಕ್ಕೆ 7ರಂತೆ 49 ನಿದ್ದೆಗೆ ಹೋದರೆ ಉಳಿಯುವುದು 45. ಊಟ, ಸ್ನಾನ, ಓಡಾಟ, ಪರೀಕ್ಷೆಯ ಓದು, ಮನೆಯವರ ಫೋನು ಎಲ್ಲ ಕಳೆದೂ ವಾರಕ್ಕೆ 3 ಗಂಟೆ ಸಿಕ್ಕೀತು. ಗಂಟೆಗೆ 30 ಪುಟದಂತೆ ಓದಿದರೂ 350 ಪುಟದ ಕಾದಂಬರಿ ಒಂದು ತಿಂಗಳಲ್ಲಿ ಮುಗಿಯುತ್ತದೆ. ಆ 74 ಗಂಟೆಯ ಮಿತಿ ಕಾಗದದಿಂದ ಡ್ಯೂಟಿ ಪಟ್ಟಿಗೆ ಇಳಿಯಬೇಕು. ಪಟ್ಟಿ ಬರೆಯುವುದು ವಿಭಾಗದ ಮುಖ್ಯಸ್ಥರು. ಅವರು ಬರೆಯುವಂತಾಗಬೇಕಾದರೆ ಖಾಲಿ ಬಿದ್ದ ವೈದ್ಯ ಹುದ್ದೆಗಳನ್ನು ಸರ್ಕಾರ ತುಂಬಬೇಕು.